ಹಸಿಗರಿಗೆ ಮಚ್ಚು ಹಾಕಬೇಡ

ತಿಪಟೂರು

ಚಿ. ಮಂಜುನಾಥನಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಕುಡಿ ಚಿವುಟಿದ ಮೇಲೆ ತೊಗರಿ ಸಾಲೆಲ್ಲ ಕವಲೊಡೆದು ಪೊದೆಯಾಗಿದೆ ಅಂತ ನೀನು ಹೇಳಿದ್ದು ಕೇಳಿ ಖುಷಿಯಾಯಿತು. ಅದರ ಹಿಂದೆಯೇ "ತೆಂಗಿನ ಹಸಿಗರಿಯನ್ನೂ ಅರ್ಧ ಇಳಿಸಿಬಿಡ್ತೀನಿ ದೊಡ್ಡಪ್ಪ, ಮರ ಹಗುರಾಗಿ ಫಸಲು ಹೆಚ್ಚುತ್ತೆ" ಅಂದೆಯಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಮರೆಯುವವನು ನೀನು.

ಮೊದಲು ತೊಗರಿ ನೋಡು. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಕಂಕುಳಲ್ಲಿ ಉಗುರಿನಿಂದ ತಡಕಿದರೆ ಸಾಸಿವೆಗಿಂತ ಚಿಕ್ಕ ಹಸಿರು ಮೊನೆ ಸಿಗುತ್ತೆ. ಅದು ನೀನು ಚಿವುಟಿದ ಮೇಲೆ ಹುಟ್ಟಿದ್ದಲ್ಲ. ತುದಿಯಲ್ಲಿ ಎಲೆ ಮೂಡುವಾಗಲೇ ಅದರ ಬುಡದಲ್ಲಿ ಒಂದಿಷ್ಟು ಜೀವಕೋಶಗಳು ಬಲಿಯದೆ ಎಳೆಯವಾಗಿಯೇ ಉಳಿದು, ಮೊಗ್ಗಾಗಿ ಕಾಯುತ್ತಾ ಕೂರುತ್ತವೆ. ಕುಡಿಯಿಂದ ಆಕ್ಸಿನ್ ಎಂಬ ಹಾರ್ಮೋನು ಕಾಂಡದಲ್ಲಿ ಇಳಿಯುತ್ತಿರುವವರೆಗೂ ಅವಕ್ಕೆ ಏಳಲು ಬಿಡುವುದಿಲ್ಲ. 1933ರಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬಿಬ್ಬರು ವಿಜ್ಞಾನಿಗಳು ಬೀನ್ಸ್ ಜಾತಿಯ ಗಿಡದ ಕುಡಿ ಕತ್ತರಿಸಿ, ಗಾಯದ ಮೇಲೆ ಆಕ್ಸಿನ್ ಇಟ್ಟು ನೋಡಿದರು. ಕುಡಿ ಇಲ್ಲದಿದ್ದರೂ ಪಕ್ಕದ ಮೊಗ್ಗು ಮಲಗೇ ಇದ್ದವು. ಕುಡಿ ಹೋದರೆ ಅದು ಎಳೆದುಕೊಳ್ಳುತ್ತಿದ್ದ ಸಕ್ಕರೆಯೂ ಈ ಮೊಗ್ಗುಗಳ ಪಾಲಿಗೆ ಬರುತ್ತೆ. 50 ದಿನದ ಆಸುಪಾಸಿನಲ್ಲಿ ಚಿವುಟು ಅಂದದ್ದು ಅದಕ್ಕೇ ಕಣಪ್ಪ.

ತೆಂಗಿಗೆ ಇರೋದು ಒಂದೇ ಸುಳಿ. ಕವಲೊಡೆದ ತೆಂಗು ಎಲ್ಲೋ ಒಂದಿದ್ದರೆ ಜನ ನೋಡಲು ಹೋಗ್ತಾರೆ. ಹಾಗಂತ ಅದಕ್ಕೆ ಕಂಕುಳ ಮೊಗ್ಗೇ ಇಲ್ಲ ಅಂದುಕೊಳ್ಳಬೇಡ. ಫಲಕ್ಕೆ ಬಂದ ಮರದ ಪ್ರತಿ ಗರಿಯ ಕಂಕುಳಲ್ಲೂ ಒಂದೊಂದಿದೆ. ಅದು ಕೊಂಬೆಯಾಗದೆ ಹೊಂಬಾಳೆಯಾಗುತ್ತೆ. ಹೆಚ್ಚುಕಮ್ಮಿ ತಿಂಗಳಿಗೊಂದು ಗರಿ, ಗರಿಗೊಂದು ಹೊಂಬಾಳೆ. ಗಾಳಿಗೆ ಮರ ಬಿದ್ದಾಗ ತಕ್ಷಣ ಸೌದೆ ಮಾಡಬೇಡ. ಗರಿ ಒಂದೊಂದಾಗಿ ಬಿಡಿಸುತ್ತಾ ಒಳಕ್ಕೆ ಹೋಗು. ಮೊದಲು ಮೊಳದುದ್ದದ ಹೊಂಬಾಳೆ, ಆಮೇಲೆ ಗೇಣುದ್ದ, ಬೆರಳುದ್ದ, ಸುಳಿಯ ಹತ್ತಿರದ ಬಿಳಿ ಗರಿಗಳ ಬುಡದಲ್ಲಿ ಕಣ್ಣಿಗೆ ಕಾಣದಷ್ಟು. ಮೊಗ್ಗು ಮೂಡಿ ಹೊಂಬಾಳೆ ಬಿರಿಯಲು ಸುಮಾರು 32 ತಿಂಗಳು, ಅಲ್ಲಿಂದ ಕಾಯಿ ಬಲಿಯಲು ಇನ್ನೊಂದು ವರ್ಷ. ಈ ಸಲ ನೀನು ಕೆಡವಿದ ಕಾಯಿ ಮೂರೂವರೆ ವರ್ಷದ ಹಿಂದೆಯೇ ಶುರುವಾಗಿದ್ದು. ಅದನ್ನು ಅಟ್ಟಕ್ಕೇರಿಸಿ ಉಂಡೆ ಕೊಬ್ಬರಿ ಮಾಡೋ ಕಾಲ ಬೇರೆ!

ಈ ಬೇಸಿಗೆಯಲ್ಲಿ ನೀರು ತಪ್ಪಿದರೆ ಹರಳು, ಅಂದರೆ ಎಳೆಗಾಯಿ, ಉದುರೋದು ಬೇಗ ಕಾಣುತ್ತೆ. ಒಳಗೇ ಸೊರಗಿ ಸತ್ತ ಎಳೆ ಹೊಂಬಾಳೆ ಕಾಣೋಲ್ಲ; ಆ ಗರಿ ಮುಂದೆ ಬರಿಗಂಕುಳಲ್ಲಿ ಬಿಚ್ಚಿಕೊಳ್ಳುತ್ತೆ. ಗೊಬ್ಬರ ಹಾಕಿದ ವರ್ಷವೇ ಕಾಯಿ ಎಣಿಸಿ "ದಂಡ ಆಯ್ತು" ಅನ್ನಬೇಡ.

ಹಸಿಗರಿ ಕಡಿದರೆ ಗೊನೆಗೆ ಸಕ್ಕರೆ ಕೊಡುವ ಎಲೆಯೂ ಹೋಯಿತು, ಗೊನೆಯ ಭಾರ ಹೊರುವ ಆಸರೆಯೂ ಹೋಯಿತು. ತೊಗರಿಯಲ್ಲಾದರೆ ಇನ್ನೊಂದು ಮೊಗ್ಗು ಎದ್ದು ಬಂದೀತು, ಇಲ್ಲಿ ಬರೋಲ್ಲ. ಒಣಗಿ ಜೋತುಬಿದ್ದದ್ದನ್ನು ಮಾತ್ರ ಇಳಿಸು. ಬಿಚ್ಚಿದ ಗರಿಯಲ್ಲಿ ಓರೆಯಾಗಿ ಕತ್ತರಿಸಿದ ಗುರುತು ಕಂಡರೆ ರೈನಾಸರಸ್ ದುಂಬಿ ಸುಳಿ ಕೊರೆದಿದೆ ಅಂತ ಲೆಕ್ಕ; ಅದರ ಮರಿಹುಳು ಬೆಳೆಯೋ ತಿಪ್ಪೆ ಕೆದಕಿಸಿ, ಹುಳು ಆರಿಸಿ ಕೊಲ್ಲಿಸು. ಸುಳಿ ಸತ್ತರೆ ಮರ ಸತ್ತ ಹಾಗೇ.

ಮದುವೆ ಕಾಲ ಬಂತು, ಚಪ್ಪರಕ್ಕೆ ಗರಿ ಕೇಳಿಕೊಂಡು ಊರವರು ಬರ್ತಾರೆ. ಶುಭಕಾರ್ಯಕ್ಕೆ ಇಲ್ಲ ಅನ್ನೋದು ಸರಿಯಲ್ಲ. ಗೊನೆ ಕೆಡವಿ ಮುಗಿದ ಕೆಳಗಿನ ಗರಿ ಮರಕ್ಕೆ ಒಂದೋ ಎರಡೋ ಕೊಡು, ಕಡಿಯುವಾಗ ನೀನೇ ಬುಡದಲ್ಲಿ ನಿಂತಿರು. ಅಮ್ಮನನ್ನು ಕೇಳಿದೆ ಅಂತ ಹೇಳು.

ಇಂತಿ ನಿನ್ನ
ದೊಡ್ಡಪ್ಪ