ಚಾರ್ಜ್ ಅಂದ್ರೆ ಎಂತ?

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ಉಡುಪಿಯಿಂದ ಸ್ಟೇಟ್ ಬ್ಯಾಂಕ್ ಬಸ್ಸಲ್ಲಿ ಬರುವಾಗ (ಬ್ಯಾಂಕಿಗಲ್ಲ, ಮಂಗಳೂರಿನ ಆ ಹೆಸರಿನ ಬಸ್ ಸ್ಟ್ಯಾಂಡಿಗೆ, ಹೊರಗಿನವರಿಗೆ ಇದೂ ಒಂದು ಗೊಂದಲವೇ) ಮೊಮ್ಮಗಳು ನಿಮ್ಮ ಪೇಪರ್ ನೋಡ್ತಾ ಅಜ್ಜ ಚಾರ್ಜ್ ಅಂದ್ರೆ ಎಂತ ಅಂತ ಕೇಳಿದ್ಳು. ಒಬ್ಬ ಅಧಿಕಾರಿ ಚಾರ್ಜ್ ತಗೊಂಡದ್ದು, ಇನ್ನೊಬ್ಬರ ಮೇಲೆ ಚಾರ್ಜ್‌ಶೀಟ್ ಹಾಕಿದ್ದು, ಎಲ್ಲೋ ಲಾಠಿ ಚಾರ್ಜ್ ಆದದ್ದು ಎಲ್ಲ ಒಂದೇ ಪುಟದಲ್ಲಿ ಉಂಟು, ಇತ್ತ ಕಂಡಕ್ಟರ್ ಬಸ್ ಚಾರ್ಜ್ ಕೇಳ್ತಾನೆ, ಗೂಗಲ್ ಮಾಡುವ ಅಂದ್ರೆ ಮೊಬೈಲಲ್ಲಿ ಚಾರ್ಜೇ ಇಲ್ಲ! ಅವಳ ನೋಟ್ಸಲ್ಲಿ ಮಾತ್ರ ಚಾರ್ಜ್ ಅಂದ್ರೆ ಶುಲ್ಕ, ಮುಗೀತು.

ಮನೆಗೆ ಬಂದು ನೋಡಿದ್ರೆ ಸಂಗತಿ ಚೆಂದ ಉಂಟು ಮಾರಾಯ್ರೆ. ಲ್ಯಾಟಿನ್‌ನಲ್ಲಿ ಕಾರ್ರುಸ್ ಅಂದ್ರೆ ಗಾಡಿ, ಅದರಿಂದ ಗಾಡಿಗೆ ಹೊರೆ ಹೇರುವುದು ಅನ್ನುವ ಶಬ್ದ ಹುಟ್ಟಿ ಅದು ಫ್ರೆಂಚಿನ ದಾರಿಯಲ್ಲಿ ಇಂಗ್ಲಿಷಿಗೆ ಬಂತು. ಕಾರ್ಗೋ ಸಹ ಅದೇ ಮನೆಯದ್ದು. ಹೊರೆ ಅಂತ ಇಟ್ಕೊಳ್ಳಿ, ದುಡ್ಡಿನ ಹೊರೆ, ಜವಾಬ್ದಾರಿ ಹೊರೆ, ಆರೋಪದ ಹೊರೆ, ಬ್ಯಾಟರಿಗೆ ತುಂಬುವ ಕರೆಂಟು, ಎಲ್ಲ ಒಂದಕ್ಕೊಂದು ತಾಗಿಕೊಂಡೇ ಉಂಟು. ಲಾಠಿಯದ್ದು ಸ್ವಲ್ಪ ದೂರ ಹೋಯ್ತು, ಬಿಡಿ.

ನಮ್ಮ 'ಹಾಕು' ಕಮ್ಮಿಯಾ? ಅಂಗಿ ಹಾಕು, ಬೀಗ ಹಾಕು, ದನಕ್ಕೆ ಹುಲ್ಲು ಹಾಕು, ವೋಟು ಹಾಕು. ಇದನ್ನು ನಾವು ಒಂದು ಶಬ್ದಕ್ಕೆ ಒಂದು ಅರ್ಥ ಅಂತ ಬಾಯಿಪಾಠ ಮಾಡಿ ಕಲ್ತದ್ದಲ್ಲ. 1894ರಲ್ಲಿ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದ ನಮ್ಮ ಮಂಗಳೂರಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೀಗೆ ಕಲಿಸುದು ನೋಡಿ ಬೇಜಾರಾಗ್ತದೆ. ನಿಮ್ಮ ಮಕ್ಕಳ ಪುಟದಲ್ಲಿ ವಾರಕ್ಕೊಂದು ಶಬ್ದ ತಗೊಂಡು ಐದಾರು ವಾಕ್ಯದ ಸಮೇತ ಕೊಡ್ಬಹುದಾ? ಮೊದಲು ರನ್ (run) ಬೇಡ, ಅದರ ಅರ್ಥಗಳೆಲ್ಲ ಮುಗಿಯುವಾಗ ಮಳೆಗಾಲ ಬಂದೀತು.

ಇತಿ,
ಒಬ್ಬ ಅಜ್ಜ, ಸುರತ್ಕಲ್