ಪ್ರಯೋಗಕ್ಕೆ ಬಂದವರಿಗೆ ಫಲಿತಾಂಶವನ್ನೂ ಹೇಳಿ

ಸಂಪಾದಕರಿಗೆ ನಮಸ್ಕಾರ.

ಹೊಸ ಔಷಧಿ, ಹೊಸ ಉಪಕರಣಗಳನ್ನು ರೋಗಿಗಳ ಮೇಲೆ ಪರೀಕ್ಷಿಸುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಬಂದಾಗಲೆಲ್ಲ ಎರಡೇ ಬಗೆ. ಒಂದೋ ದೊಡ್ಡ ಸಾಧನೆ ಅಂತ ಹೊಗಳುತ್ತಾರೆ, ಇಲ್ಲವೇ ಬಡವರನ್ನು ಪ್ರಯೋಗದ ಇಲಿ ಮಾಡಿದ್ದಾರೆ ಅಂತ ಬೈಯುತ್ತಾರೆ. ಆ ಪ್ರಯೋಗಕ್ಕೆ ಮೈ ಒಡ್ಡಿದ ಜನಕ್ಕೆ ಕೊನೆಗೆ ಏನು ತಿಳಿಯಿತು ಅನ್ನೋದನ್ನು ಮಾತ್ರ ಯಾರೂ ಕೇಳುವುದಿಲ್ಲ. ನಾನು ಬರೆಯುತ್ತಿರುವುದು ಅದೊಂದರ ಬಗ್ಗೆ.

ನಾನು ಬೈಲಹೊಂಗಲದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಅತ್ತೆಗೆ ಬಹಳ ವರ್ಷಗಳಿಂದ ಶುಗರ್. ಒಮ್ಮೆ ಎಡಗಾಲಿನ ಹೆಬ್ಬೆರಳ ಕೆಳಗೆ ಗಾಯವಾಯಿತು. ಚಪ್ಪಲಿಯ ಮೊಳೆ ಚುಚ್ಚಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಶುಗರ್ ಜಾಸ್ತಿ ದಿನ ಇದ್ದರೆ ಪಾದದ ನರಗಳು ಮಂದವಾಗುತ್ತವೆ, ರಕ್ತವೂ ಸರಿಯಾಗಿ ಇಳಿಯುವುದಿಲ್ಲ. ನೋವು ತಿಳಿಯುವುದಿಲ್ಲ, ಗಾಯ ಮಾಯುವುದಿಲ್ಲ. ಇಂಥ ಗಾಯದಿಂದಲೇ ಬೆರಳು, ಪಾದ ಕಳೆದುಕೊಂಡವರು ನಮ್ಮ ಓಣಿಯಲ್ಲೇ ಇದ್ದಾರೆ. ಹಾಗಾಗಿ ದೊಡ್ಡಾಸ್ಪತ್ರೆಗೆ ಹೋದೆವು. ಅದರ ಹೆಸರು ಇಲ್ಲಿ ಬೇಡ. ಒಂದು ಆಸ್ಪತ್ರೆಯ ಮೇಲೆ ದೂರು ಹೇಳಲು ನಾನು ಬರೆಯುತ್ತಿಲ್ಲ.

ಅಲ್ಲಿ ಹೊಸ ಥರದ ಡ್ರೆಸ್ಸಿಂಗ್ ಒಂದರ ಪರೀಕ್ಷೆ ನಡೆಯುತ್ತಿತ್ತು. ಗಾಯಕ್ಕೆ ಕಟ್ಟುವ ಪಟ್ಟಿಯೂ ಕಾನೂನಿನ ಲೆಕ್ಕದಲ್ಲಿ ವೈದ್ಯಕೀಯ ಉಪಕರಣವೇ. ಅದಕ್ಕೆ 2017ರ ವೈದ್ಯಕೀಯ ಉಪಕರಣಗಳ ನಿಯಮ ಇದೆ. ಸೇರುತ್ತೀರಾ ಅಂತ ಅತ್ತೆಯನ್ನು ಕೇಳಿದರು. ಒಪ್ಪಿಗೆ ಕಾಗದ ಕನ್ನಡದಲ್ಲೇ ಇತ್ತು, ಆದರೆ ಪುಟಗಟ್ಟಲೆ ಉದ್ದ. ಅತ್ತೆಗೆ ಓದು ಬಾರದು. ಓದು ಬಾರದವರಿಗೆ ಕಾಗದ ಓದಿ ಹೇಳುವಾಗ, ಪ್ರಯೋಗಕ್ಕೆ ಸಂಬಂಧವೇ ಇಲ್ಲದ ಒಬ್ಬ ಸಾಕ್ಷಿ ಮೊದಲಿನಿಂದ ಕೊನೆಯವರೆಗೆ ಜೊತೆಗಿರಬೇಕು ಅನ್ನೋದು ನಿಯಮ. ಪಕ್ಕದ ಹಾಸಿಗೆಯ ರೋಗಿಯ ಮಗ, ರಾಮದುರ್ಗದ ಕಡೆಯ ಹುಡುಗ, ಸಾಕ್ಷಿಗೆ ಒಪ್ಪಿಕೊಂಡ.

ಆ ಹುಡುಗ ಮಾಡಿದ್ದನ್ನು ಹೇಳಲೇಬೇಕು. ಸಿಸ್ಟರ್ ಬೇಗ ಬೇಗ ಓದುತ್ತಿದ್ದರು. ಅತ್ತೆ ಪ್ರತಿ ಸಾಲಿಗೂ ಹ್ಞೂಂ ಅನ್ನುತ್ತಿದ್ದರು. ಅವನು ನಡುವೆ ಕೈ ಎತ್ತಿ, "ಆಯಿ, ಈಗ ಏನ್ ಓದಿದ್ರು, ನೀವ ಹೇಳ್ರಿ ನೋಡೋಣ" ಅಂದ. ಅತ್ತೆಗೆ ಹೇಳಲು ಬರಲಿಲ್ಲ. ಮತ್ತೆ ಮೊದಲಿನಿಂದ ಓದಿಸಿದ. ಈ ಸಲ ಅತ್ತೆ ತಾವೇ ನಿಲ್ಲಿಸಿ ಕೇಳಿದರು: "ನಡಬರಕ ಬಿಟ್ಟ್ ಹೋದ್ರ ಬೈತೀರೇನು?" ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೂ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ ಅನ್ನುವ ಸಾಲನ್ನು ಹುಡುಗ ಬೆರಳಿಟ್ಟು ತೋರಿಸಿದ. ಆಮೇಲೆ ಅತ್ತೆ ಹೆಬ್ಬೆಟ್ಟು ಒತ್ತಿದರು. ಕಾನೂನು ಬರೆದವರು ಸಾಕ್ಷಿ ಅಂದರೆ ಹೇಗಿರಬೇಕು ಅಂದುಕೊಂಡಿದ್ದರೋ, ಆ ಹುಡುಗ ಹಾಗೇ ಇದ್ದ.

ಯಾರಿಗೆ ಹೊಸ ಪಟ್ಟಿ, ಯಾರಿಗೆ ಹಳೆಯದು ಅನ್ನೋದನ್ನು ಡಾಕ್ಟರು ತೀರ್ಮಾನಿಸುವಂತಿಲ್ಲ. ಅವರು ಆರಿಸಿದರೆ ಗೊತ್ತಿಲ್ಲದೆಯೇ ಗಟ್ಟಿಮುಟ್ಟಾದವರನ್ನು ಒಂದು ಕಡೆಗೆ ಹಾಕಿಬಿಡಬಹುದು. ಅದಕ್ಕೇ ಚೀಟಿ ಎತ್ತಿದ ಹಾಗೆ ಮೊದಲೇ ಹಂಚಿಟ್ಟಿರುತ್ತಾರೆ. ನಮ್ಮೆದುರೇ ಅಂಟಿಸಿದ ಲಕೋಟೆ ಒಡೆದರು. ಅತ್ತೆಗೆ ಹಳೆಯ ಪಟ್ಟಿಯೇ ಬಂತು. ಅವರ ಮುಖ ಸಣ್ಣದಾಯಿತು. "ಅಷ್ಟ್ ದೂರದಿಂದ ಬಂದದ್ದು ಇದಕ್ಕೇನ?" ಅಂದರು. ಸಿಸ್ಟರ್ ಪಕ್ಕದಲ್ಲಿ ಕೂತು, "ಹಳೇದು ಕಟ್ಟಿಸ್ಕೊಂಡವ್ರ ಇರಲಿಲ್ಲಂದ್ರ ಹೊಸಾದು ಚಲೋನೋ ಕೆಟ್ಟದ್ದೋ ಯಾವುದರ ಜೋಡಿ ತೂಗಿ ನೋಡೂದ್ರಿ ಆಯಿ?" ಅಂದರು. ಅತ್ತೆಗೆ ಅದು ಪಟ್ಟನೆ ಹಿಡಿಸಿತು. ಆಮೇಲೆ ಒಂದು ಭೇಟಿಯನ್ನೂ ತಪ್ಪಿಸಲಿಲ್ಲ. ಪ್ರತಿ ಸಲ ಗಾಯದ ಪಕ್ಕ ಕಾಗದದ ಸಣ್ಣ ಸ್ಕೇಲು ಇಟ್ಟು ಫೋಟೋ ತೆಗೆಯುತ್ತಿದ್ದರು. ಬಸ್ ಖರ್ಚು ಕೊಡುತ್ತಿದ್ದರು. ಭೇಟಿಯ ಹಿಂದಿನ ದಿನ ನನ್ನ ಮೊಬೈಲಿಗೆ ಕನ್ನಡದಲ್ಲಿ ಮೆಸೇಜ್ ಬರುತ್ತಿತ್ತು. ಗಾಯ ಮಾಯಿತು. ಎಲ್ಲರೂ ಚೆನ್ನಾಗಿ ನೋಡಿಕೊಂಡರು, ಅದರಲ್ಲಿ ಎರಡು ಮಾತಿಲ್ಲ.

ಕೊನೆಯ ಭೇಟಿಯಲ್ಲಿ ಅತ್ತೆ ಕೇಳಿದ್ದು ಒಂದೇ: "ಹೊಸಾದು ಕಟ್ಟಿಸ್ಕೊಂಡವ್ರ ಕಾಲು ಏನಾತ್ರಿ?" ಅಧ್ಯಯನ ಮುಗಿಯಲಿ, ತಿಳಿಸುತ್ತೇವೆ ಅಂದರು. ಇವತ್ತಿನವರೆಗೂ ತಿಳಿಸಿಲ್ಲ. ಕಾಗದದ ಮೇಲಿದ್ದ ನಂಬರಿಗೆ ಫೋನ್ ಮಾಡಿದರೆ ಪ್ರಯೋಗದ ಕೆಲಸ ನೋಡಿಕೊಳ್ಳುತ್ತಿದ್ದ ಕೋಆರ್ಡಿನೇಟರ್ ಕೆಲಸ ಬಿಟ್ಟಿದ್ದಾರೆ. ಆಸ್ಪತ್ರೆಯಲ್ಲಿ ಕೇಳಿದರೆ ಆ ಪ್ರಾಜೆಕ್ಟ್ ಮುಗಿದಿದೆ ಅಂದರು, ಅಷ್ಟೇ. ಕಾಗದದಲ್ಲಿ ಸಿಟಿಆರ್‌ಐ ಅಂತ ಒಂದು ನಂಬರಿತ್ತು. ಅದು ದೇಶದ ಪ್ರಯೋಗಗಳ ದಾಖಲೆ ಪಟ್ಟಿ, 2007ರಲ್ಲಿ ಶುರುವಾದದ್ದು. 2018ರ ಏಪ್ರಿಲ್‌ನಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮೊದಲೇ ಅಲ್ಲಿ ನೋಂದಣಿ ಆಗಬೇಕು. ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ಡಿಗ್ರಿ ಓದುವ ಮಗಳು ತೆಗೆದು ನೋಡಿದಳು. ಪೂರ್ತಿ ಇಂಗ್ಲಿಷ್. ಪ್ರಯೋಗ ಮುಗಿದಿದೆ ಅಂತ ಇತ್ತು. ಏನು ತಿಳಿಯಿತು ಅನ್ನೋದು ಇರಲಿಲ್ಲ.

ಇದೇನು ದೊಡ್ಡ ವಿಷಯ, ಕಾಲು ಉಳಿಯಿತಲ್ಲ ಅಂತ ಕೆಲವರು ಹೇಳಿದರು. ದೊಡ್ಡ ವಿಷಯವೇ. ಓಣಿಯಲ್ಲಿ ಶುಗರ್ ಇರುವವರೆಲ್ಲ ಅತ್ತೆಯ ಹತ್ತಿರ ಬಂದು, ದುಡ್ಡು ಹಾಕಿ ಆ ಹೊಸ ಪಟ್ಟಿ ತರಿಸೋಣವಾ ಅಂತ ಕೇಳುತ್ತಾರೆ. ಅವರಿಗೆ ಏನು ಹೇಳಬೇಕು? ಹೊಸದು ಅಂದ ಮಾತ್ರಕ್ಕೆ ಒಳ್ಳೆಯದಾಗಿರಬೇಕಿಲ್ಲ, ಪರೀಕ್ಷೆ ಮಾಡುವುದೇ ಅದಕ್ಕೆ ಅಲ್ವಾ? ಹೊಸದರಿಂದ ಏನೂ ಜಾಸ್ತಿ ಪ್ರಯೋಜನ ಇಲ್ಲ ಅಂತ ತಿಳಿದಿದ್ದರೆ ಅದೂ ಉಪಯೋಗದ ಮಾತೇ. ಬಡವರ ದುಡ್ಡು ಉಳಿಯುತ್ತದೆ. ಆದರೆ ಫಲ ಕೊಡದ ಪ್ರಯೋಗಗಳೇ ಹೆಚ್ಚಾಗಿ ಅಚ್ಚಾಗದೆ ಉಳಿಯುತ್ತವೆ. ಇದು ಲೋಕವೆಲ್ಲ ಒಪ್ಪಿದ ಸಮಸ್ಯೆ.

ನಮ್ಮ ಬೆಳಗಾವಿ ಜಿಲ್ಲೆಯ ಹೆಣ್ಣುಮಕ್ಕಳು ಇಂಥ ಪ್ರಯೋಗಕ್ಕೆ ಸೇರಿ ಏನು ಮಾಡಿದ್ದಾರೆ ಅನ್ನೋದು ನಮಗೇ ಸರಿಯಾಗಿ ಗೊತ್ತಿಲ್ಲ. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ತಾಯಂದಿರು ಸಾಯುತ್ತಿದ್ದರು, ಈಗಲೂ ಲೋಕದಲ್ಲಿ ಸಾಯುತ್ತಿದ್ದಾರೆ. ಅದನ್ನು ತಡೆಯಲು ಆಕ್ಸಿಟೋಸಿನ್ ಚುಚ್ಚುಮದ್ದು ಇದೆ, ಆದರೆ ಅದನ್ನು ತಂಪಿನಲ್ಲಿಡಬೇಕು, ಚುಚ್ಚಲು ಬರುವವರು ಬೇಕು. ಮನೆಯಲ್ಲೇ ಹೆರಿಗೆ ಆಗುತ್ತಿದ್ದ ಕಾಲದಲ್ಲಿ ಹಳ್ಳಿಗೆ ಅದು ಎಟುಕುತ್ತಿರಲಿಲ್ಲ. 2002ರಿಂದ 2005ರ ನಡುವೆ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಅನ್ನುವ ಗುಳಿಗೆಯನ್ನು ಪರೀಕ್ಷಿಸಿದರು. ಗುಳಿಗೆ ನುಂಗಿಸಿದವರು ಎಎನ್ಎಂಗಳು, ಅಂದರೆ ಉಪಕೇಂದ್ರದ ನಮ್ಮ ನರ್ಸಮ್ಮಂದಿರು. 1620 ತಾಯಂದಿರು ಸೇರಿದರು. ಸುಮಾರು ಅರ್ಧ ಜನಕ್ಕೆ ಔಷಧಿ, ಉಳಿದವರಿಗೆ ನೋಡಲು ಹಾಗೇ ಇರುವ, ಔಷಧಿ ಇಲ್ಲದ ಗುಳಿಗೆ. ಯಾರಿಗೆ ಯಾವುದು ಅನ್ನೋದು ಕೊಡುವವರಿಗೂ ಗೊತ್ತಿರಲಿಲ್ಲ. ಖಾಲಿ ಗುಳಿಗೆ ನುಂಗಿದವರಲ್ಲಿ 12% ಜನಕ್ಕೆ ರಕ್ತಸ್ರಾವವಾಗಿತ್ತು. ಔಷಧಿ ನುಂಗಿದವರಲ್ಲಿ ಅದು 6.4%ಕ್ಕೆ ಇಳಿದಿತ್ತು. 2006ರಲ್ಲಿ ಇದು 'ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆ ಆ ಗುಳಿಗೆಯನ್ನು ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಅಷ್ಟೇ ಅಲ್ಲ. ಎಷ್ಟು ರಕ್ತ ಹೋಯಿತು ಅಂತ ಕಣ್ಣಳತೆಯಲ್ಲಿ ಹೇಳಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಆ ಸಂಶೋಧನೆಗಾಗಿಯೇ ಒಂದು ಸಾಧನ ಮಾಡಿದರು. ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಆಲಿಕೆಯಂಥ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ಕಣ್ಣಳತೆಯಲ್ಲಿ ರಕ್ತ ಸುಮಾರು 33% ಕಡಿಮೆ ಕಾಣುತ್ತದೆ ಅನ್ನೋದು ಇದರಿಂದ ತಿಳಿಯಿತು. ಯೋಚಿಸಿ, ಮೂರನೇ ಒಂದು ಪಾಲು ರಕ್ತ ಯಾರ ಕಣ್ಣಿಗೂ ಬೀಳದೆ ಹೋಗುತ್ತಿತ್ತು. ಆಫ್ರಿಕಾದ ನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿದ ಒಂದು ಪ್ರಯೋಗದಲ್ಲಿ, ಕೆಲವು ಆಸ್ಪತ್ರೆಗಳಲ್ಲಿ ಇದೇ ಬಗೆಯ ಅಳತೆ ಚೀಲವನ್ನು ತಕ್ಷಣದ ಚಿಕಿತ್ಸೆಯ ಜೊತೆ ಸೇರಿಸಿ ಬಳಸಿದರು. ಅಲ್ಲಿ ರಕ್ತಸ್ರಾವ ವಿಪರೀತಕ್ಕೆ ಹೋಗುವುದು, ಅದರಿಂದ ಹೊಟ್ಟೆ ಕೊಯ್ಯಬೇಕಾಗುವುದು ಇಲ್ಲವೇ ತಾಯಿ ಸಾಯುವುದು, ಎಲ್ಲ ಸೇರಿ 60% ತಗ್ಗಿತು ಅಂತ 2023ರಲ್ಲಿ ವರದಿಯಾಯಿತು.

ಖಾಲಿ ಗುಳಿಗೆ ನುಂಗಿದ ಆ ತಾಯಂದಿರೂ ಔಷಧಿ ನುಂಗಿದವರಷ್ಟೇ ದೊಡ್ಡ ಕೆಲಸ ಮಾಡಿದ್ದಾರೆ. ಅವರಿಲ್ಲದೆ 12 ಅನ್ನುವ ಅಂಕಿಯೇ ಇಲ್ಲ. 12 ಇಲ್ಲದೆ 6.4ಕ್ಕೆ ಅರ್ಥವಿಲ್ಲ. ನಮ್ಮ ಅತ್ತೆಯೂ ಹಾಗೇ. ಇಂಥವರಿಗೆ ಫಲಿತಾಂಶ ತಿಳಿಯುವುದು ಅವರ ಹಕ್ಕು ಅಂತ ನಾನು ನಂಬಿದ್ದೇನೆ.

ನಾನೊಬ್ಬಳೇ ಹೀಗೆ ಹೇಳುತ್ತಿಲ್ಲ. ಜಗತ್ತಿನ ವೈದ್ಯರ ಸಂಘ 1964ರಲ್ಲಿ ಮಾಡಿ, ಆಮೇಲೆ ತಿದ್ದುತ್ತಾ ಬಂದ ಹೆಲ್ಸಿಂಕಿ ಘೋಷಣೆಯಲ್ಲಿ, ಭಾಗವಹಿಸಿದವರು ಬೇಕೆಂದರೆ ಫಲಿತಾಂಶ ತಿಳಿದುಕೊಳ್ಳಲು ಅವಕಾಶ ಇರಬೇಕು ಅಂತ ಇದೆ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿಯೂ ಸಂಶೋಧನೆಯಲ್ಲಿ ತಿಳಿದದ್ದನ್ನು ಜನರಿಗೆ ಮುಟ್ಟಿಸಲು ಪ್ರಯತ್ನಿಸಬೇಕು ಅನ್ನುತ್ತದೆ. ಯುರೋಪಿನ ಒಕ್ಕೂಟದಲ್ಲಿ ಇದು ಕಾನೂನೇ ಆಗಿದೆ. ಔಷಧಿ ಪ್ರಯೋಗ ಮುಗಿದ ಒಂದು ವರ್ಷದೊಳಗೆ ಸಾಮಾನ್ಯ ಜನರಿಗೆ ತಿಳಿಯುವಂಥ ಸಾರಾಂಶ ಕೊಡಬೇಕು. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ಸಂಶೋಧಕರ ಕಷ್ಟವೂ ನನಗೆ ತಿಳಿಯುತ್ತದೆ. ಒಂದೇ ಪ್ರಯೋಗ ಹತ್ತಾರು ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಲೆಕ್ಕವೆಲ್ಲ ಒಂದು ಕಡೆ ಸೇರಲು ವರ್ಷಗಳು ಬೇಕು. ಅಷ್ಟರಲ್ಲಿ ಇಲ್ಲಿ ಕೆಲಸ ಮಾಡಿದವರು ಬೇರೆಡೆ ಹೋಗಿರುತ್ತಾರೆ. ಆದರೆ ಪ್ರತಿ ಭೇಟಿಗೂ ಮೆಸೇಜ್ ಕಳಿಸಿದವರಿಗೆ ಕೊನೆಗೆ ಇನ್ನೊಂದು ಮೆಸೇಜ್ ಕಳಿಸುವುದು ಭಾರವಾಗಬಾರದು. ಆ ಖರ್ಚನ್ನು ಮೊದಲೇ ಬಜೆಟ್ಟಿನಲ್ಲಿ ಹಾಕಿಕೊಳ್ಳಬಹುದು. 2020ರಲ್ಲಿ ಕೋವ್ಯಾಕ್ಸಿನ್ ಲಸಿಕೆಯ ಮೊದಲ ಹಂತದ ಪ್ರಯೋಗ ನಡೆದ ಊರುಗಳಲ್ಲಿ ಬೆಳಗಾವಿಯೂ ಒಂದು. ಅದರ ಸುದ್ದಿ ಟಿವಿಯಲ್ಲಿ ಮನೆಮನೆಗೆ ಬಂತು. ಕಾಲಿನ ಗಾಯದ ಪಟ್ಟಿಯ ಸುದ್ದಿ ಯಾವ ಟಿವಿಯಲ್ಲೂ ಬರುವುದಿಲ್ಲ. ಅದನ್ನು ಮಾಡಿದವರೇ ಹೇಳಬೇಕು.

ಕೆಲಸ ಆಗಬೇಕಾದ ಜಾಗ ಯಾವುದು ಅಂತ ವಿಚಾರಿಸಿದಾಗ ನನಗೆ ತಿಳಿದದ್ದು ನೈತಿಕ ಸಮಿತಿಗಳ ವಿಷಯ. ಅವರ ಒಪ್ಪಿಗೆ ಇಲ್ಲದೆ ಯಾವ ಪ್ರಯೋಗವೂ ಶುರುವಾಗುವಂತಿಲ್ಲ. 2019ರ ಹೊಸ ನಿಯಮದ ಪ್ರಕಾರ ಸಮಿತಿಯಲ್ಲಿ ಕನಿಷ್ಠ 7 ಜನ ಇರಬೇಕು. ಅರ್ಧದಷ್ಟಾದರೂ ಆ ಸಂಸ್ಥೆಯ ಹೊರಗಿನವರಾಗಿರಬೇಕು, ಅಧ್ಯಕ್ಷರೂ ಹೊರಗಿನವರೇ. ಒಬ್ಬ ವಕೀಲರು, ಒಬ್ಬ ಮಹಿಳೆ, ವೈದ್ಯ ಓದದ ಒಬ್ಬ ಸಾಮಾನ್ಯ ನಾಗರಿಕ ಇರಲೇಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳ ಸಮಿತಿಗಳಲ್ಲಿ ಆ ಸಾಮಾನ್ಯ ನಾಗರಿಕರ ಕುರ್ಚಿಯಲ್ಲಿ ಕೂತಿರುವವರಿಗೆ ನನ್ನ ಕೈಮುಗಿದ ವಿನಂತಿ. ಪ್ರಯೋಗದ ಅರ್ಜಿ ಬಂದಾಗ ಒಂದು ಮಾತು ಕೇಳಿ: ಮುಗಿದ ಮೇಲೆ ಭಾಗವಹಿಸಿದವರಿಗೆ ಯಾವಾಗ, ಯಾವ ಭಾಷೆಯಲ್ಲಿ, ಹೇಗೆ ತಿಳಿಸುತ್ತೀರಿ? ಉತ್ತರ ಇಲ್ಲದಿದ್ದರೆ ಅರ್ಜಿ ವಾಪಸ್ ಕಳಿಸಿ. ಉತ್ತರ ಒಪ್ಪಿಗೆ ಕಾಗದದಲ್ಲೇ ಒಂದು ಸಾಲಾಗಿ ಬರಲಿ. ನಮ್ಮ ಕಡೆ ಕನ್ನಡ, ಮರಾಠಿ ಎರಡರಲ್ಲೂ ಬೇಕಾಗುತ್ತದೆ.

ಪ್ರಯೋಗಕ್ಕೆ ಸೇರಲು ಹೆದರುವವರಿಗೂ ಒಂದು ಮಾತು. ಪ್ರಯೋಗದಿಂದ ತೊಂದರೆಯಾದರೆ ಪುಕ್ಕಟೆ ಚಿಕಿತ್ಸೆ, ಪರಿಹಾರ ಎರಡೂ ಕಾನೂನಿನಲ್ಲಿವೆ. ಸಹಿ ಹಾಕಿದ ಕಾಗದದ ಒಂದು ಪ್ರತಿ ನಿಮಗೆ ಕೊಡಲೇಬೇಕು. ಸುಮ್ನೆ ಎಲ್ಲೋ ಇಟ್ಟು ಮರೆಯಬೇಡಿ, ರೇಷನ್ ಕಾರ್ಡಿನ ಜೊತೆ ಇಡಿ. ಅದರ ಮೇಲಿನ ನೋಂದಣಿ ನಂಬರ್ ಮುಂದೆ ಬೇಕಾಗುತ್ತದೆ.

ಕೊನೆಗೆ ಸಂಪಾದಕರಿಗೇ ಒಂದು ಬೇಡಿಕೆ. ನಮ್ಮ ಜಿಲ್ಲೆಯಲ್ಲಿ ಹೊಸ ಪ್ರಯೋಗ ಶುರುವಾದ ಸುದ್ದಿ ಹಾಕುವಾಗ ಅದರ ಸಿಟಿಆರ್‌ಐ ನಂಬರನ್ನೂ ಹಾಕಿ. ಅದು ಮುಗಿದ ಮೇಲೆ ನಿಮ್ಮ ವರದಿಗಾರರು ಫೋನ್ ಮಾಡಿ ಏನು ತಿಳಿಯಿತು ಅಂತ ಕೇಳಲಿ. ಉತ್ತರ ಬಂದರೆ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು ಹಾಕಿ. ಬಾರದಿದ್ದರೆ, ಬಂದಿಲ್ಲ ಅಂತಲೇ ಹಾಕಿ.

— ಓದುಗಳೊಬ್ಬಳು, ಬೈಲಹೊಂಗಲ, ಬೆಳಗಾವಿ ಜಿಲ್ಲೆ