ಗೆದ್ದವರ ಕತೆ ಸಾಕು, ಬಿದ್ದವರನ್ನೂ ಒಮ್ಮೆ ಕೇಳಿ

ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಬರುವ ಯಶಸ್ಸಿನ ಕತೆಗಳನ್ನು ನಾನು ಬಿಡದೆ ಓದುತ್ತೇನೆ. ಚೆನ್ನಾಗಿಯೇ ಬರೆಯುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದಿ ಮುಗಿಸಿದಾಗಲೆಲ್ಲ ಏನೋ ಒಂದು ಕಿರಿಕಿರಿ ಉಳಿದುಬಿಡುತ್ತದೆ. ಕಳೆದ ವಾರದ್ದನ್ನೇ ನೋಡಿ. ಇದ್ದ ಕೆಲಸ ಬಿಟ್ಟರು, ಮನೆ ಅಡ ಇಟ್ಟರು, ಗೊತ್ತಿದ್ದವರ ಹತ್ತಿರವೆಲ್ಲ ಸಾಲ ತಂದರು, ದಿನಕ್ಕೆ ನಾಲ್ಕೇ ತಾಸು ನಿದ್ದೆ ಮಾಡಿದರು, ಕೊನೆಗೆ ಗೆದ್ದರು. ಸಂತೋಷ. ಆದರೆ ಅದೇ ವರ್ಷ ಅದೇ ಥರ ಕೆಲಸ ಬಿಟ್ಟು, ಮನೆ ಅಡ ಇಟ್ಟು, ನಿದ್ದೆಗೆಟ್ಟವರು ಇನ್ನೆಷ್ಟು ಜನ ಇದ್ದರು? ಅವರಲ್ಲಿ ಎಷ್ಟು ಜನರ ಮನೆ ಅವರಿಗೆ ವಾಪಸ್ ಸಿಕ್ಕಿತು? ಅವರ ಫೋಟೊ ನಿಮ್ಮಲ್ಲಿ ಬರೋದಿಲ್ಲ. ಬರೋಕೆ ಅವರೂ ಒಪ್ಪೋದಿಲ್ಲ, ಬಿಡಿ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಅಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞ ಇದ್ದರು. ಗುಂಡೇಟು ತಿಂದು ವಾಪಸ್ ಬಂದ ವಿಮಾನಗಳ ಲೆಕ್ಕ ಅವರ ಮುಂದೆ ಬಂತು. ತೂತು ಜಾಸ್ತಿ ಇರೋ ಕಡೆ ದಪ್ಪ ತಗಡು ಹಾಕೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಅಲ್ಲಿ ಏಟು ತಿಂದೂ ಅವು ವಾಪಸ್ ಬಂದಿವೆ, ಅಲ್ವಾ? ಬೇರೆ ಕಡೆ ಏಟು ತಿಂದವು ಬರಲೇ ಇಲ್ಲ. ಬರದ ವಿಮಾನಗಳನ್ನೂ ಲೆಕ್ಕಕ್ಕೆ ಹಿಡಿಯುವುದು ಹೇಗೆ ಅಂತ ವಾಲ್ಡ್ 1943ರಲ್ಲಿ ಬರೆದಿಟ್ಟರು. ನಿಮ್ಮ ಅಂಕಣದಲ್ಲಿ ಬರುವುದೆಲ್ಲ ವಾಪಸ್ ಬಂದ ವಿಮಾನಗಳೇ.

ಇದನ್ನೆಲ್ಲ ಹೇಳೋಕೆ ನಾನು ಯಾರು ಅಂದರೆ, ದೊಡ್ಡ ಮನುಷ್ಯನೇನಲ್ಲ. ಮೂವತ್ತೊಂದು ವರ್ಷ ಒಂದು ಕಾರ್ಖಾನೆಯ ಸಂಬಳ ವಿಭಾಗದಲ್ಲಿ ಗುಮಾಸ್ತನಾಗಿದ್ದೆ. ಆ ಕುರ್ಚಿಯಲ್ಲಿ ಕೂತವನಿಗೆ ಜನರ ಮುಖಕ್ಕಿಂತ ಮೊದಲು ಅವರ ಕಡಿತದ ಪಟ್ಟಿ ಕಾಣುತ್ತದೆ. ಯಾರ ಸಂಬಳದಲ್ಲಿ ಎಷ್ಟು ಸಾಲಕ್ಕೆ ಹೋಗುತ್ತದೆ, ಯಾರು ಇಪ್ಪತ್ತನೇ ತಾರೀಕಿಗೆ ಮುಂಗಡ ಕೇಳಿಕೊಂಡು ಬರುತ್ತಾರೆ, ಯಾರು ಹತ್ತು ವರ್ಷವಾದರೂ ನಮ್ಮ ಕಿಟಕಿ ಹತ್ತಿರ ಸುಳಿಯೋದಿಲ್ಲ, ಎಲ್ಲ ಗೊತ್ತಾಗುತ್ತದೆ. ಒಂದೇ ಸಂಬಳ, ಒಂದೇ ಹುದ್ದೆ, ಒಂದೇ ದಿನ ಕೆಲಸಕ್ಕೆ ಸೇರಿದ ಇಬ್ಬರು ನಿವೃತ್ತಿಯ ದಿನ ಎಲ್ಲಿ ನಿಂತಿದ್ದಾರೆ ಅಂತ ನೋಡಿದ್ದೇನೆ. ಒಬ್ಬನ ಕೈಯಲ್ಲಿ ಹಣ, ಇನ್ನೊಬ್ಬನ ಕೈಯಲ್ಲಿ ನೋಟಿಸು. ಇವರಲ್ಲಿ ಮೊದಲನೆಯವನು ಬುದ್ಧಿವಂತ ಅಂತೇನೂ ಇರಲಿಲ್ಲ. ಅವನು ದೊಡ್ಡದಾಗಿ ಎಲ್ಲೂ ಬೀಳಲಿಲ್ಲ, ಅಷ್ಟೆ.

ಇದು ಬರೀ ನನ್ನ ಅನಿಸಿಕೆ ಅಲ್ಲ, ಲೆಕ್ಕವೇ ಹಾಗಿದೆ. ನಿಮ್ಮ ಹತ್ತಿರ ನೂರು ಇತ್ತು ಅಂದುಕೊಳ್ಳಿ. ಹತ್ತು ಪರ್ಸೆಂಟ್ ಹೋದರೆ ಮೊದಲಿನ ಜಾಗಕ್ಕೆ ಬರೋಕೆ ಹನ್ನೊಂದು ಚಿಲ್ಲರೆ ಪರ್ಸೆಂಟ್ ಗಳಿಸಿದರೆ ಸಾಕು. ಅರ್ಧ ಹೋದರೆ ಇರೋದನ್ನು ಎರಡು ಪಟ್ಟು ಮಾಡಬೇಕು. ಪೂರ್ತಿ ಹೋದರೆ ಎಷ್ಟೇ ಪಟ್ಟು ಮಾಡಿದರೂ ಸೊನ್ನೆಯೇ. ಇನ್ನೊಂದು ಲೆಕ್ಕ ಹೇಳುತ್ತೇನೆ, ಇದನ್ನು ಕಾಗದದ ಮೇಲೆ ನೀವೇ ಮಾಡಿ ನೋಡಿ, ನಾನು ಹೇಳಿದರೆ ನಂಬೋದು ಕಷ್ಟ. ಒಬ್ಬನಿಗೆ ವರ್ಷಾ ವರ್ಷಾ 10 ಪರ್ಸೆಂಟ್ ಲಾಭ. ಇನ್ನೊಬ್ಬನಿಗೆ ಒಂದು ವರ್ಷ 40 ಪರ್ಸೆಂಟ್ ಲಾಭ, ಮರುವರ್ಷ 20 ಪರ್ಸೆಂಟ್ ನಷ್ಟ, ಮತ್ತೆ 40 ಲಾಭ, ಮತ್ತೆ 20 ನಷ್ಟ. ಸರಾಸರಿ ತೆಗೆದರೆ ಇಬ್ಬರದೂ 10 ಪರ್ಸೆಂಟೇ. ಹತ್ತು ವರ್ಷ ಕಳೆದ ಮೇಲೆ ಮೊದಲನೆಯವನ ನೂರು 259 ಆಗಿರುತ್ತದೆ. ಎರಡನೆಯವನದು 176. ಆದರೆ ಕಟ್ಟೆ ಮೇಲೆ ಕೂತು 40 ಪರ್ಸೆಂಟ್ ಬಂದ ವರ್ಷದ ಕತೆ ಹೇಳೋನು ಎರಡನೆಯವನೇ. ನಾವು ಬಾಯಿ ಬಿಟ್ಟುಕೊಂಡು ಕೇಳೋದೂ ಅವನನ್ನೇ.

ಬುದ್ಧಿ ಇದ್ದರೆ ಬೀಳೋದಿಲ್ಲ ಅಂತ ಕೆಲವರಿಗೆ ಧೈರ್ಯ. ನ್ಯೂಟನ್‌ಗಿಂತ ಬುದ್ಧಿ ಬೇಕಾ? 1720ರಲ್ಲಿ ಇಂಗ್ಲೆಂಡಿನಲ್ಲಿ ಸೌತ್ ಸೀ ಕಂಪನಿಯ ಷೇರು ಏರಿದ್ದೇ ಏರಿದ್ದು. ನ್ಯೂಟನ್ ಆಗ ಅಲ್ಲಿನ ಟಂಕಸಾಲೆಯ ಮುಖ್ಯಸ್ಥರು, ಅಂದರೆ ಹಣದ ವಿಷಯ ಗೊತ್ತಿಲ್ಲದವರೂ ಅಲ್ಲ. ಮೊದಲು ಒಳ್ಳೇ ಲಾಭಕ್ಕೆ ಮಾರಿ ಹೊರಗೆ ಬಂದರು. ಅಲ್ಲಿಗೇ ಬಿಟ್ಟಿದ್ದರೆ ಆಗಿತ್ತು. ಬೆಲೆ ಇನ್ನೂ ಏರುತ್ತಾ ಹೋಯಿತು, ಸುತ್ತಮುತ್ತಲಿನವರು ಗಳಿಸುತ್ತಾ ಹೋದರು, ಇವರಿಗೆ ತಡೆಯಲಾಗಲಿಲ್ಲ, ಮತ್ತೆ ಹೋಗಿ ಹಣ ಹಾಕಿದರು. ಗುಳ್ಳೆ ಒಡೆಯಿತು. ಭಾರಿ ನಷ್ಟ. ಹತ್ತಿರದ ಕಾಲದ್ದು ಬೇಕೆಂದರೆ, ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ, ಶ್ರೀಮಂತರ ಹಣವನ್ನು ಮಾರುಕಟ್ಟೆಯಲ್ಲಿ ಹೂಡುತ್ತಿದ್ದ ಅಮೆರಿಕದ ಸಂಸ್ಥೆ. ಅದರ ಪಾಲುದಾರರಲ್ಲಿ ಇಬ್ಬರಿಗೆ 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. 1998ರಲ್ಲಿ ಸಂಸ್ಥೆ ಮುಳುಗಿತು. ಸ್ವಂತದ್ದು ಒಂದು ಪಾಲು ಇದ್ದರೆ ಅದರ ಇಪ್ಪತ್ತು ಪಾಲಿಗೂ ಜಾಸ್ತಿ ಸಾಲ ಮಾಡಿ ಆಡುತ್ತಿದ್ದರು. ಲೆಕ್ಕ ತಪ್ಪಿದ್ದು ಸ್ವಲ್ಪವೇ ಇರಬಹುದು, ಆದರೆ ಅಷ್ಟು ಸಾಲ ಹೊತ್ತವನಿಗೆ ಸ್ವಲ್ಪ ತಪ್ಪುವ ಅವಕಾಶವೂ ಇರೋದಿಲ್ಲ.

ದೊಡ್ಡವರ ಕತೆ ಆಯಿತು. ಈಗ ನನ್ನದು. ನಾನು ಬಿದ್ದಿದ್ದು ಷೇರಿನಲ್ಲಿ ಅಲ್ಲ, ಒಂದು ಸಹಿಯಲ್ಲಿ. ಪಕ್ಕದ ಮೇಜಿನವನು, ಒಳ್ಳೆಯವನೇ, ಸಾಲಕ್ಕೆ ಜಾಮೀನು ಹಾಕು ಅಂದ. ಸುಮ್ನೆ ಒಂದು ಸಹಿ ಅಲ್ವಾ, ಹಾಕಿದೆ. ಕಾಗದ ಓದಲಿಲ್ಲ. ಓದಿದರೆ ಅವನ ಮೇಲೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾನೆ ಅನ್ನೋ ದಾಕ್ಷಿಣ್ಯ. ಎರಡು ವರ್ಷ ಆದಮೇಲೆ ಅವನು ಕೆಲಸ ಬಿಟ್ಟು ಎಲ್ಲಿಗೋ ಹೋದ, ಕಂತು ನನ್ನ ಸಂಬಳದಲ್ಲಿ ಕಡಿತವಾಗೋಕೆ ಶುರುವಾಯಿತು. ಊರವರ ಕಡಿತವೆಲ್ಲ ಬರೆಯುವ ನಾನು ನನ್ನದನ್ನೂ ನಾನೇ ಬರೆದುಕೊಂಡೆ, ನಾಲ್ಕು ವರ್ಷ. ಜಾಮೀನು ಅಂದರೆ 'ಇವನು ಒಳ್ಳೆಯವನು' ಅನ್ನೋ ಶಿಫಾರಸು ಅಲ್ಲ, 'ಇವನು ಕಟ್ಟದಿದ್ದರೆ ನಾನು ಕಟ್ಟುತ್ತೇನೆ' ಅನ್ನೋ ಮಾತು ಎಂದು ಅವತ್ತು ಯಾರಾದರೂ ಹೇಳಿದ್ದರೆ! ಹೇಳಿದ್ದರೂ ಕೇಳುತ್ತಿದ್ದೆನಾ, ಗೊತ್ತಿಲ್ಲ. ಈಗ ಯಾರಾದರೂ ಜಾಮೀನು ಕೇಳಿದರೆ ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇಷ್ಟು ಹಣವನ್ನು ಇವನಿಗೆ ಇವತ್ತೇ ದಾನವಾಗಿ ಕೊಡುತ್ತೇನಾ? ಹೌದು ಅಂತ ಬಂದರೆ ಮಾತ್ರ ಸಹಿ. ಇಲ್ಲಿಯವರೆಗೆ ಒಮ್ಮೆಯೂ ಹೌದು ಅಂತ ಬಂದಿಲ್ಲ.

ಸಾಲ ಮಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಸರಿ, ಆದರೆ ಕೆಲವರಿಗೆ ಹಾಸಿಗೆ ಕೊಳ್ಳೋಕೇ ಸಾಲ ಬೇಕಾಗುತ್ತದೆ. ಬಡ್ಡಿ ಎಷ್ಟು ಅನ್ನೋದು ಮಾತ್ರ ಗೊತ್ತಿರಲಿ. ತಿಂಗಳಿಗೆ ಮೂರು ಪರ್ಸೆಂಟ್ ಅಂದರೆ ಕಿವಿಗೆ ಚಿಕ್ಕದು. ಚಕ್ರಬಡ್ಡಿ ಸೇರಿಸಿದರೆ ಅದು ವರ್ಷಕ್ಕೆ 42 ಪರ್ಸೆಂಟ್ ದಾಟುತ್ತದೆ, ಏನೂ ಕಟ್ಟದೆ ಬಿಟ್ಟರೆ ಎರಡು ವರ್ಷಕ್ಕೆ ಸಾಲ ಎರಡರಷ್ಟು. ಬಾಯಿಲೆಕ್ಕಕ್ಕೆ ಒಂದು ಉಪಾಯ ಇದೆ. 72ನ್ನು ಬಡ್ಡಿ ದರದಿಂದ ಭಾಗಿಸಿ, ಹೆಚ್ಚುಕಮ್ಮಿ ಅಷ್ಟು ವರ್ಷಕ್ಕೆ ಹಣ ಎರಡು ಪಟ್ಟಾಗುತ್ತದೆ. 8 ಪರ್ಸೆಂಟ್ ಆದರೆ ಒಂಬತ್ತು ವರ್ಷ. ಬೆಲೆ ಏರಿಕೆಗೂ ಇದೇ ಲೆಕ್ಕ. ವರ್ಷಕ್ಕೆ 6 ಪರ್ಸೆಂಟ್ ಬೆಲೆ ಏರಿದರೆ ಪೆಟ್ಟಿಗೆಯಲ್ಲಿಟ್ಟ ಹಣದ ಬೆಲೆ ಹನ್ನೆರಡು ವರ್ಷಕ್ಕೆ ಅರ್ಧ. ಸುಮ್ಮನೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂರೋದೂ ನಿಧಾನವಾಗಿ ಬೀಳೋದೇ, ಅದನ್ನೂ ಹೇಳಬೇಕು.

ಇನ್ನು ಬೇಗ ದುಡ್ಡು ಮಾಡಿಕೊಡುತ್ತೇವೆ ಅಂತ ಬರುವವರು. 1920ರಲ್ಲಿ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪೊಂಜಿ 45 ದಿನಕ್ಕೆ 50 ಪರ್ಸೆಂಟ್ ಕೊಡುತ್ತೇನೆ ಅಂದ. ಜನ ಸಾಲುಗಟ್ಟಿ ನಿಂತರು. ಹೊಸಬರ ಹಣ ಹಳಬರಿಗೆ ಹೋಗುತ್ತಿತ್ತು, ಕೆಲವೇ ತಿಂಗಳಲ್ಲಿ ಎಲ್ಲ ಕುಸಿಯಿತು. ಸಾಲಿನಲ್ಲಿ ನಿಂತವರು ಯಾರೂ ಆ ದರವನ್ನು ಒಂದು ವರ್ಷಕ್ಕೆ ಎಳೆದು ನೋಡಿರಲಿಕ್ಕಿಲ್ಲ. ನೂರು ಹಾಕಿ, ಬಂದಿದ್ದನ್ನು ಮತ್ತೆ ಮತ್ತೆ ಅಲ್ಲೇ ಹಾಕುತ್ತಾ ಹೋದರೆ ವರ್ಷದ ಕೊನೆಗೆ 2,500 ದಾಟುತ್ತದೆ. ಅಂಥ ವಿದ್ಯೆ ಗೊತ್ತಿದ್ದವನು ಬ್ಯಾಂಕಿನಲ್ಲಿ ಕಡಿಮೆ ಬಡ್ಡಿಗೆ ಸಾಲ ತಂದು ತಾನೇ ಮಾಡಿಕೊಳ್ಳುತ್ತಿದ್ದ. ನಮ್ಮ ನಿಮ್ಮ ಬಾಗಿಲು ಯಾಕೆ ತಟ್ಟುತ್ತಾನೆ?

ಈಗ ನಾನು ನಿಜವಾಗಿ ಹೇಳಬೇಕಂದಿದ್ದ ಮಾತಿಗೆ ಬರುತ್ತೇನೆ. ಮೂರರಿಂದ ಆರು ತಿಂಗಳ ಖರ್ಚಿನಷ್ಟು ಹಣವನ್ನು ಬೇಕೆಂದಾಗ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಕಾಯಿಲೆಗೆ, ಕೆಲಸ ಹೋದರೆ, ಅಂತೆಲ್ಲ ಕಾರಣ ಕೊಡುತ್ತಾರೆ. ಸರಿಯೇ. ಆದರೆ ಆ ಹಣದ ದೊಡ್ಡ ಉಪಯೋಗ ಏನೂ ಆಗದ ದಿನಗಳಲ್ಲೇ ಇದೆ ಅಂತ ನನಗೆ ಕಂಡಿದ್ದು ಆ ಸಂಬಳದ ಕಿಟಕಿಯಿಂದ. ಮುಂಗಡ ತೆಗೆದುಕೊಂಡವರು ಯಾವತ್ತೂ ಎದುರು ಮಾತಾಡುತ್ತಿರಲಿಲ್ಲ. ಬೇಡದ ಪಾಳಿ ಹಾಕಿದರೂ ಹೂಂ, ಬೇರೆಯವರ ತಪ್ಪು ತಲೆ ಮೇಲೆ ಬಂದರೂ ಹೂಂ. ಅವರು ಹೆದರುಪುಕ್ಕಲರೇನಲ್ಲ, ಒಂದು ತಿಂಗಳ ಸಂಬಳ ತಪ್ಪಿದರೆ ಮನೆ ನಡೆಯೋದಿಲ್ಲ ಅಂತ ಅವರಿಗೆ ಗೊತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಮೇಲಿನವರಿಗೂ ಗೊತ್ತಿತ್ತು. ಅದೇ ನಮ್ಮ ವಿಭಾಗದಲ್ಲಿ ಒಬ್ಬರು ಹೆಂಗಸಿದ್ದರು, ನನಗಿಂತ ಕಮ್ಮಿ ಸಂಬಳ, ಸಾಲ ಅಂತ ಒಂದು ಬಿಡಿಗಾಸೂ ಇರಲಿಲ್ಲ. ಒಂದು ದಿನ ಒಂದು ಸುಳ್ಳು ಬಿಲ್ಲಿಗೆ ಸಹಿ ಹಾಕಿ ಅಂದರೆ ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು 'ಇದಕ್ಕೆ ನಾನು ಹಾಕೋದಿಲ್ಲ ಸಾರ್' ಅಂದರು. ಅಷ್ಟೇ. ಕೂಗಾಟ ಇಲ್ಲ. ಆ ಬಿಲ್ಲು ಆಮೇಲೆ ನನ್ನ ಮೇಜಿಗೆ ಬಂತು. ಜಾಮೀನಿನ ಕಂತು ಕಟ್ಟುತ್ತಿದ್ದ ದಿನಗಳು ಅವು. ನಾನೇನು ಮಾಡಿದೆ ಅಂತ ಇಲ್ಲಿ ಬರೆಯೋದಿಲ್ಲ.

ಕೆಲಸದ ವಿಷಯಕ್ಕೆ ಹೇಳೋಕೆ ಜಾಸ್ತಿ ಇಲ್ಲ. ಹೇಳಿದ ದಿನಕ್ಕೆ ಹೇಳಿದ ಕೆಲಸ ಕೊಡಿ. ಆಗೋದಿಲ್ಲ ಅಂತ ಗೊತ್ತಾದ ತಕ್ಷಣ ಹೇಳಿಬಿಡಿ, ಕೆಟ್ಟ ಸುದ್ದಿ ತಡವಾದಷ್ಟೂ ಕೊಳೆಯುತ್ತದೆ. ಸಿಟ್ಟಿನಲ್ಲಿ ರಾಜೀನಾಮೆ ಬರೆದರೆ ಒಂದು ರಾತ್ರಿ ಕಿಸೆಯಲ್ಲೇ ಇರಲಿ. ನಿದ್ದೆ ಕಡಿಮೆ ಮಾಡಿ ಅಂತ ಹೇಳುವವರ ಮಾತನ್ನು ದಯವಿಟ್ಟು ಕೇಳಬೇಡಿ. 17 ತಾಸು ಎಚ್ಚರವಾಗಿದ್ದವನ ಕೈ ಕಣ್ಣು ರಕ್ತದಲ್ಲಿ 0.05 ಪರ್ಸೆಂಟ್ ಮದ್ಯ ಇರುವವನ ಹಾಗೆ ಕೆಲಸ ಮಾಡುತ್ತವೆ ಅಂತ 1997ರಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಕುಡಿದು ಕಾಗದಕ್ಕೆ ಸಹಿ ಹಾಕೋದಿಲ್ಲ ತಾನೇ? ನಿದ್ದೆಗೆಟ್ಟೂ ಹಾಕಬೇಡಿ.

ಇದನ್ನೆಲ್ಲ ಓದಿ ಯಾರಾದರೂ, ಉಳಿಸೋಕೆ ಮೊದಲು ಉಳಿಯಬೇಕಲ್ಲ ಸ್ವಾಮಿ, ಅಂತ ಕೇಳಬಹುದು. ನಿಜ. ಬಂದ ಹಣ ಹೊಟ್ಟೆಗೂ ಬಾಡಿಗೆಗೂ ಸಾಲದವರಿಗೆ ಉಳಿತಾಯದ ಪಾಠ ಹೇಳೋದು ಅಹಂಕಾರ. ಅವರಿಗೆ ಬೇಕಾಗಿರೋದು ಸಲಹೆ ಅಲ್ಲ, ಸಂಬಳ. ಈ ಮಾತು ನಿಮ್ಮ ಅಂಕಣದ ಗೆದ್ದವರ ಬಾಯಲ್ಲಿ ನಾನು ಒಮ್ಮೆಯೂ ಓದಿಲ್ಲ. ಎಲ್ಲರೂ ನಮ್ಮ ಶ್ರಮ, ನಮ್ಮ ಛಲ ಅನ್ನುತ್ತಾರೆ. ಅದೃಷ್ಟ ಅನ್ನೋ ಪದ ಬರೋದೇ ಇಲ್ಲ.

ಹಾಗಾಗಿ ಸಂಪಾದಕರೇ, ನನ್ನದೊಂದು ಕೋರಿಕೆ. ಗೆದ್ದವರ ಕತೆ ಬರಲಿ, ಬೇಡ ಅನ್ನೋದಿಲ್ಲ. ತಿಂಗಳಿಗೊಂದು ಸಲವಾದರೂ ಅದೇ ಜಾಗದಲ್ಲಿ ಬಿದ್ದವರ ಕತೆ ಹಾಕಿ. ಎಲ್ಲಿ ಕಾಲು ಜಾರಿತು, ಯಾವ ಕಾಗದ ಓದಲಿಲ್ಲ, ಯಾರಿಗೆ ಇಲ್ಲ ಅನ್ನೋಕೆ ಆಗಲಿಲ್ಲ, ಎದ್ದು ನಿಲ್ಲೋಕೆ ಎಷ್ಟು ವರ್ಷ ಹಿಡಿಯಿತು, ಇಷ್ಟು ಸಾಕು. ಮೊದಲ ಕಂತಿಗೆ ಯಾರೂ ಸಿಗದಿದ್ದರೆ ನನ್ನ ಜಾಮೀನಿನ ಕತೆಯನ್ನೇ ತೆಗೆದುಕೊಳ್ಳಿ. ಫೋಟೊ ಬೇಡ, ಹೆಸರೂ ಬೇಡ. ಒಟ್ಟು ಎಷ್ಟು ಕಟ್ಟಿದೆ ಅಂತ ನನ್ನ ಹೆಂಡತಿಗೆ ಇವತ್ತಿಗೂ ಪೂರ್ತಿ ಹೇಳಿಲ್ಲ. ಕೆಟ್ಟ ಸುದ್ದಿ ಬೇಗ ಹೇಳಿ ಅಂತ ಮೇಲೆ ಬರೆದವನೂ ನಾನೇ, ಗೊತ್ತು.

ಇಂತಿ,
ಸಂಬಳದ ಕಿಟಕಿಯ ಹಳೆಯ ಗುಮಾಸ್ತ